ಅಪ್ಪನ ಕಿವಿಗೆ ಮೂರು ಗೋಲು

ಕಳೆದ ಸೋಮವಾರ ನಾನು ರಜಾ ಚೀಟಿಯಲ್ಲಿ ನಿಜ ಬರೆದೆ.

ಎಡವಟ್ಟಾದದ್ದು ಅಲ್ಲೇ.

‘ಮಾನ್ಯರೇ, ಈ ದಿನ ಮಧ್ಯಾಹ್ನ ದೆಹಲಿಯಲ್ಲಿ ಭಾರತಕ್ಕೂ ಇಂಡೊನೇಷ್ಯಾಕ್ಕೂ ಫುಟ್‌ಬಾಲ್ ಪಂದ್ಯ ನಡೆಯುವುದರಿಂದ, ಅದನ್ನು ರೇಡಿಯೊದಲ್ಲಿ ಕೇಳುವ ಸಲುವಾಗಿ ನನಗೆ ಅರ್ಧ ದಿನದ ರಜೆ ದಯಪಾಲಿಸಬೇಕೆಂದು ಪ್ರಾರ್ಥನೆ.’ ಅಕ್ಷರ ದುಂಡಗಿತ್ತು. ಕಾಗುಣಿತದ ತಪ್ಪಿರಲಿಲ್ಲ. ಕೆಳಗೆ ನನ್ನ ಸಹಿ.

ನಮ್ಮ ಹೆಡ್‌ಮಾಸ್ಟರು ಓದಿದರು. ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೊಮ್ಮೆ ಓದಿದರು.

“ಎಂಥದು ಟೀಚರ್ ಇದು?”

“ರಜಾ ಚೀಟಿ ಸರ್.”

“ಅದು ಗೊತ್ತಾಯ್ತು. ಫುಟ್‌ಬಾಲ್ ಅಂತ ಇದೆಯಲ್ಲ!”

“ಫುಟ್‌ಬಾಲೇ ಸರ್.”

“ಹಾಕಿ ಆದ್ರೂ ಆಗಿದ್ರೆ...” ಎಂದು ಅರ್ಧಕ್ಕೇ ನಿಲ್ಲಿಸಿದರು. ಅವರ ಸಂಕಟ ನನಗೆ ಅರ್ಥವಾಯಿತು. ನಮ್ಮ ಕೊಡಗಿನಲ್ಲಿ ಹಾಕಿ ಕೋಲಿಲ್ಲದ ಮನೆ ಹುಡುಕುವುದು ಕಷ್ಟ. ಹೆಡ್‌ಮಾಸ್ಟರ ಮನೆಯಲ್ಲಿ ಏಳಿವೆ. ಇಂಥ ನಾಡಿನಲ್ಲಿ ಕುಳಿತು, ಅದೂ ಸೀರೆ ಉಟ್ಟ ಟೀಚರೊಬ್ಬಳು, ಫುಟ್‌ಬಾಲ್ ಎಂದರೆ ಯಾರಿಗೆ ತಾನೇ ಹಿಡಿಸುತ್ತದೆ?

ಆದರೆ ಮನುಷ್ಯ ಒಳ್ಳೆಯವರು. ದನಿ ತಗ್ಗಿಸಿದರು.

“ನೋಡಿ, ತಲೆನೋವು ಅಂತ ಬರ್‍ದು ಕೊಡಿ. ಈಗ್ಲೇ ಸೈನ್ ಹಾಕ್ತೇನೆ.”

“ತಲೆನೋವಿಲ್ಲವಲ್ಲ ಸರ್.”

“ಯಾರಿಗಿರ್ತದೆ ಮಾರಾಯ್ರೆ? ಈ ಫೈಲ್ ತುಂಬ ತಲೆನೋವೇ ಇರೋದು. ಎಲ್ಲಾ ಸೋಮವಾರದ್ದು!”

(ನಮ್ಮ ಸೋಮವಾರಪೇಟೆಯಲ್ಲಿ ಸೋಮವಾರ ಸಂತೆ. ಹೊರಗಿನ ಓದುಗರಿಗಾಗಿ ಹೇಳಿದೆ.)

ನಾನು ಹೊಸ ಚೀಟಿ ಬರೆಯಲಿಲ್ಲ. ಯಾಕೆ ಬರೆಯಲಿಲ್ಲವೋ ಈಗಲೂ ಸರಿಯಾಗಿ ಹೇಳಲಾರೆ. ನನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ. ಖಾಯಂ ಮಾಡುವ ಕಾಗದ ಮಡಿಕೇರಿಯಲ್ಲಿ ಶಾಲಾ ಇನ್‌ಸ್ಪೆಕ್ಟರ ಮೇಜಿನ ಮೇಲಿದೆ. ಅದರ ಬೆನ್ನಿಗೇ ‘ಫುಟ್‌ಬಾಲ್ ಕೇಳುವ ಸಲುವಾಗಿ’ ಎಂಬ ಚೀಟಿಯೂ ಹೋದರೆ ಏನಾಗಬಹುದು ಎಂದು ಹೆಡ್‌ಮಾಸ್ಟರು ಬಿಡಿಸಿ ಹೇಳಿದರು. “ನಿಮ್ಮ ಒಳ್ಳೇದಕ್ಕೇ ಹೇಳ್ತಾ ಇರೋದು” ಎಂದರು. ನನಗೂ ಹೆದರಿಕೆಯಾಯಿತು. ಆದರೂ ಏಷ್ಯಾದ ದೇಶಗಳೆಲ್ಲ ಮೊದಲ ಸಲ ನಮ್ಮ ರಾಜಧಾನಿಯ ಕ್ರೀಡಾಕೂಟಕ್ಕೆ ಆಡಲು ಬಂದಿರುವಾಗ, ಫುಟ್‌ಬಾಲಿನ ಮೊದಲ ದಿನವೇ ನಮ್ಮವರು ಮೈದಾನಕ್ಕೆ ಇಳಿಯುತ್ತಿರುವಾಗ, ನನಗೆ ತಲೆ ನೋಯುತ್ತಿದೆ ಎಂದು ಬರೆಯುವುದೇ? ನೀವಾದರೆ ಬರೆಯುತ್ತಿದ್ದಿರಾ?

“ಹಾಗೇ ಇರಲಿ ಸರ್” ಎಂದು ಚೀಟಿಯನ್ನು ಮೇಜಿನ ಮೇಲೆ ಬಿಟ್ಟು ಹೊರಟೆ. ಸಹಿ ಬಿತ್ತೋ ಇಲ್ಲವೋ ತಿರುಗಿ ನೋಡಲಿಲ್ಲ. ನೋಡಿದ್ದರೆ ಕಾಲು ಮುಂದಕ್ಕೆ ಬರುತ್ತಿರಲಿಲ್ಲ.

ದಾರಿಯುದ್ದಕ್ಕೂ ಒಂದೇ ಯೋಚನೆ. ಜ್ವರಕ್ಕೆ ರಜೆ ಇದೆ. ಸಾವಿಗೆ ರಜೆ ಇದೆ. ಸೂತಕಕ್ಕೆ ದಿನ ಎಣಿಸಿ ರಜೆ ಕೊಡುತ್ತಾರೆ. ಸಂತೋಷಕ್ಕೆ? ‘ನನಗೆ ಇವತ್ತು ಬಹಳ ಸಂತೋಷದ ದಿನ, ದಯವಿಟ್ಟು ರಜೆ ಕೊಡಿ’ ಎಂದು ಯಾರಾದರೂ ಬರೆದದ್ದುಂಟೇ? ನಾವು ಸಂತೋಷವನ್ನೂ ಕಾಯಿಲೆಯ ಹೆಸರು ಕೊಟ್ಟೇ ಅನುಭವಿಸಬೇಕು. ಇಂಗ್ಲಿಷರು ಹೋಗಿ ನಾಲ್ಕನೆಯ ವರ್ಷ. ಅವರು ಬಿಟ್ಟುಹೋದ ರಜೆ ನಿಯಮದ ಪುಸ್ತಕ ಮಾತ್ರ ಹಾಗೇ ಇದೆ.

ಇರಲಿ. ಇಷ್ಟೆಲ್ಲ ಯಾರಿಗಾಗಿ ಎಂದು ಹೇಳಬೇಕಲ್ಲ? ಅಪ್ಪಯ್ಯನಿಗಾಗಿ.

ನನ್ನ ಅಪ್ಪ ಗಾಳಿಬೀಡಿನ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿಯ ಮಸ್ಟರ್ ಬರೆಯುವುದು, ಕಾಫಿ ಪಿಕಿಂಗಿಗೆ ಆಳು ಹಂಚುವುದು ಅವರ ಕೆಲಸ. ಹಾಸನದ ಕಡೆಯಿಂದ ಹೊಟ್ಟೆಪಾಡಿಗೆ ಬಂದು ಇಲ್ಲೇ ನಿಂತರು. ಈಗ ನನ್ನ ಮತ್ತು ನನ್ನ ಗಂಡನ ಜೊತೆಗೇ ಇದ್ದಾರೆ. (ಮಾವನಿಗೂ ಅಳಿಯನಿಗೂ ನನಗಿಂತ ಚೆನ್ನಾಗಿ ಹೊಂದುತ್ತದೆ. ಅದು ಬೇರೆ ವಿಷಯ.) ಊರಿನವರು ಇವತ್ತಿಗೂ ಅವರನ್ನು ‘ರೈಟರೇ’ ಎಂದೇ ಕರೆಯುತ್ತಾರೆ.

ಆ ಎಸ್ಟೇಟಿನ ಬಿಳಿಯ ದೊರೆಗೆ ಫುಟ್‌ಬಾಲ್ ಹುಚ್ಚು. ಕೆಲಸದವರದ್ದೇ ಒಂದು ಟೀಮ್ ಕಟ್ಟಿದ್ದ. ಕಾಫಿ ಒಣಗಿಸಿ ಮುಗಿದ ಮೇಲೆ ಕಣವೇ ಮೈದಾನ. ಲೈನ್ಸಿನ ಸಾಲುಮನೆಗಳ ಆಳುಗಳು, ಗಾಡಿ ಹೊಡೆಯುವವನು, ಬಂಗಲೆಯ ಬಟ್ಲರ್, ಎಲ್ಲರೂ ಆಡುತ್ತಿದ್ದರು. ಗೋಲಿನಲ್ಲಿ ನಿಲ್ಲುತ್ತಿದ್ದವರು ಅಪ್ಪಯ್ಯ. ಗೋಲಿನ ಹಿಂದೆ ಇಳಿಜಾರು, ಇಳಿಜಾರಿನ ತುಂಬ ಕಾಫಿ ಗಿಡ. ಚೆಂಡು ಅಲ್ಲಿಗೆ ಉರುಳಿದರೆ ಓಡಿಹೋಗಿ ತರುವುದು ಎಂಟು ವರ್ಷದ ನನ್ನ ಕೆಲಸ. ನನ್ನ ಫುಟ್‌ಬಾಲ್ ವಿದ್ಯಾಭ್ಯಾಸವೆಲ್ಲ ನಡೆದದ್ದು ಆ ಕಾಫಿ ಗಿಡಗಳ ನಡುವೆ.

ಒಂದು ಸಲ ಕ್ಲಬ್ಬಿನ ಪ್ಲಾಂಟರುಗಳ ಟೀಮ್ ಆಡಲು ಬಂತು. ಹನ್ನೊಂದು ಜನ ದೊರೆಗಳು, ಹನ್ನೊಂದು ಜೊತೆ ಬೂಟು. ನಮ್ಮವರದ್ದು ಬರಿಗಾಲು. ಅಪ್ಪಯ್ಯ ಕೈ ಕುಲುಕಲು ಹೋದಾಗ ಅವರಲ್ಲೊಬ್ಬ ಕಾಲಿನ ಕಡೆ ನೋಡಿ ನಕ್ಕನಂತೆ. ‘ಮೊದಲು ಬೂಟು ಹಾಕಿಕೊಂಡು ಬನ್ನಿ, ಆಮೇಲೆ ಫುಟ್‌ಬಾಲ್ ಮಾತಾಡೋಣ’ ಎಂದನಂತೆ.

ಆಟದ ನಡುವೆ ಅಪ್ಪಯ್ಯ ಚೆಂಡಿನ ಮೇಲೆ ಬಿದ್ದರು. ಚೆಂಡಿಗೆ ಬೀಳಬೇಕಾಗಿದ್ದ ಬೂಟು ಅವರ ಕಾಲಿಗೆ ಬಿತ್ತು. ನಾನು ಗೋಲಿನ ಹಿಂದೆಯೇ ನಿಂತಿದ್ದೆ. ಕಣದ ನೆಲದ ಮೇಲೆ ರಕ್ತ ಕಂಡು ಬಾಯಿ ತೆರೆದೆ.

“ಕೂಗ್ಬೇಡ ಮಗ. ಆಟ ಮುಗೀಲಿ” ಎಂದರು.

ಆಟ ಮುಗಿಯುವವರೆಗೂ ನಿಂತರು. ನಮ್ಮವರು ಒಂದು ಗೋಲಿನಿಂದ ಸೋತರು. ಬಲಗಾಲಿನ ಆ ಬೆರಳು ಇವತ್ತಿಗೂ ಸೊಟ್ಟಗಿದೆ.

ಮುಂದೆ ಮಲೇರಿಯಾ ಬಂತು. ಮತ್ತೆ ಮತ್ತೆ ಬಂತು. ಗಾಳಿಬೀಡಿನ ಕಡೆಯವರಿಗೆ ಅದೇನು ಹೊಸದಲ್ಲ. ನುಂಗಿದ ಕ್ವಿನೈನ್ ಜೀವ ಉಳಿಸಿತು, ಕಿವಿ ತೆಗೆದುಕೊಂಡಿತು. ಈಗ ಬಲಗಿವಿಗೆ ಏನೂ ಕೇಳಿಸದು. ಎಡಗಿವಿಗೆ ಬಾಯಿಟ್ಟು ಕೂಗಿದರೆ ಒಂದಿಷ್ಟು.

ಇಂಥವರಿಗೆ ರೇಡಿಯೊ ಯಾಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. ದೆಹಲಿಯಲ್ಲಿ ಪಂದ್ಯವಿದೆ ಎಂದು ಪೇಪರಿನಲ್ಲಿ ಓದಿದ ದಿನದಿಂದ ಅಪ್ಪಯ್ಯ ಒಂದೇ ಹಟ.

“ರೇಡಿಯೊ ನಂಗೆ ಕೇಳ್ಸಲ್ಲ. ನಿಂಗೆ ಕೇಳ್ಸುತ್ತಲ್ಲ? ನೀನು ಕೇಳು, ನಂಗೆ ಹೇಳು.”

“ಎಲ್ಲಾ ಮುಗಿದ ಮೇಲೆ ಹೇಳಿದ್ರೆ ಆಗಲ್ವಾ?”

“ಮುಗಿದ ಮೇಲೆ ಹೇಳೋಕೆ ಪೇಪರ್ ಇದೆ ಕಣೆ.”

ಒಪ್ಪಿಕೊಂಡೆ.

ಆದರೆ ರೇಡಿಯೊ ಎಲ್ಲಿ? ನಮ್ಮ ಮನೆಯಲ್ಲಿಲ್ಲ. ಪೇಟೆ ಬೀದಿಯಲ್ಲಿ ಇರುವುದು ಗುರುಬಸಪ್ಪನವರ ಏಲಕ್ಕಿ ಮಂಡಿಯಲ್ಲಿ. ಮಂಡಿಯ ಮಾಡಿನಿಂದ ಎದುರಿನ ಹಲಸಿನ ಮರಕ್ಕೆ ಏರಿಯಲ್ ತಂತಿ ಎಳೆದಿದ್ದಾರೆ. ಬ್ಯಾಟರಿ ಸೆಟ್ಟು. ಅದಕ್ಕೊಂದು ಕಸೂತಿ ಹಾಕಿದ ಬಟ್ಟೆಯ ಹೊದಿಕೆ. ಸಂಜೆ ವಾರ್ತೆಗೆ ಹೊದಿಕೆ ತೆಗೆಯುತ್ತಾರೆ, ವಾರ್ತೆ ಮುಗಿದ ಕೂಡಲೇ ಮುಚ್ಚುತ್ತಾರೆ. ಗುಂಡಿಯನ್ನು ಅವರಲ್ಲದೆ ಬೇರೆ ಯಾರೂ ಮುಟ್ಟುವಂತಿಲ್ಲ. ಅವರ ಸ್ವಂತ ತಮ್ಮನೂ ಮುಟ್ಟುವಂತಿಲ್ಲ.

ಭಾನುವಾರವೇ ಹೋಗಿ ಕೇಳಿದೆ.

“ಇಂಗ್ಲಿಷ್ನಲ್ಲಿ ಒದರ್ತಾನಲ್ಲಮ್ಮ. ನಮಗೇನ್ ಗೊತ್ತಾಯ್ತದೆ?” ಎಂದರು ಗುರುಬಸಪ್ಪ.

“ನಾನು ಅಪ್ಪಯ್ಯನಿಗೆ ಕನ್ನಡದಲ್ಲಿ ಹೇಳ್ತೀನಿ. ನೀವೂ ಕೇಳಬಹುದು.”

“ರೈಟ್ರಿಗೆ ಕಿವಿ ಕೇಳ್ಸಲ್ಲ ಅಂತಾರೆ?”

“ಅದಕ್ಕೇ ಸ್ವಲ್ಪ ಜೋರಾಗಿ ಹೇಳ್ತೀನಿ.”

ಅವರು ಗಲ್ಲ ಕೆರೆದುಕೊಂಡರು. “ಸಂತೆ ದಿನ ಕಣಮ್ಮ... ವ್ಯಾಪಾರ... ಆಯ್ತು, ಬನ್ನಿ. ಮೂಲೇಲಿ ಕುಂತ್ಕಂಡು ಕೇಳ್ಕಂಡು ಹೋಗಿ.”

ಮೂಲೆಯಲ್ಲಿ ಕುಳಿತು ಕೇಳಿಕೊಂಡು ಹೋಗುವುದು! ಆ ಮಾತಿಗೆ ಈಗ ಗುರುಬಸಪ್ಪನವರೇ ನಗುತ್ತಾರೆ.

ಸೋಮವಾರ ಮಧ್ಯಾಹ್ನ ನಾನೂ ಅಪ್ಪಯ್ಯನೂ ಏಲಕ್ಕಿ ಚೀಲಗಳ ನಡುವೆ ಕುಳಿತೆವು. ಅಪ್ಪಯ್ಯ ಕೋಟು ಹಾಕಿದ್ದರು. ಮದುವೆ ಮನೆಗೆ ಹೋಗುವಾಗ ಹಾಕುವ ಕರಿ ಕೋಟು. ಹೊರಗೆ ಸಂತೆ ಗಿಜಿಗಿಡುತ್ತಿತ್ತು. ಗುರುಬಸಪ್ಪ ಹೊದಿಕೆ ತೆಗೆದು, ಮಡಚಿ, ಗುಂಡಿ ತಿರುಗಿಸಿದರು. ಕರಕರ ಎಂದಿತು. ಸಿಳ್ಳೆ ಹೊಡೆಯಿತು. ಆಮೇಲೆ, ಎಲ್ಲೋ ಬಹಳ ದೂರದಿಂದ, ಸಾವಿರಾರು ಜನರ ಗದ್ದಲ. ದೆಹಲಿ!

ಕಾಮೆಂಟೇಟರ್ ಇಂಗ್ಲಿಷಿನಲ್ಲಿ ಓಡತೊಡಗಿದ. ನಾನು ಅವನ ಹಿಂದೆ ಕನ್ನಡದಲ್ಲಿ ಓಡತೊಡಗಿದೆ.

“ಶುರುವಾಯ್ತು ಅಪ್ಪಯ್ಯ! ಚೆಂಡು ನಮ್ಮೋರ ಹತ್ರ ಇದೆ! ಎಡಗಡೆಗೆ ಹೋಯ್ತು... ಅವರು ಕಿತ್ಕೊಂಡ್ರು... ಮತ್ತೆ ನಮಗೇ ಬಂತು!”

ಎಡಗಿವಿಗೆ ಬಾಯಿಟ್ಟು, ಗಂಟಲಿನ ಶಕ್ತಿಯನ್ನೆಲ್ಲ ಹಾಕಿ ಕೂಗುತ್ತಿದ್ದೆ. ನನಗೆ ಬೇರೇನೂ ಕಾಣುತ್ತಿರಲಿಲ್ಲ. ಕಾಣುತ್ತಿದ್ದುದು ಅಪ್ಪಯ್ಯನ ಕಿವಿ, ಮೊಣಕಾಲಿನ ಮೇಲೆ ಬಿಗಿ ಹಿಡಿದ ಅವರ ಎರಡು ಕೈ.

“ಕಾರ್ನರ್ ಆರ್ಕ್ ಟೀಚರೇ? ಯಾರಿಗೆ ಕಾರ್ನರ್?”

ತಲೆ ಎತ್ತಿದೆ. ಮಂಡಿಯ ಬಾಗಿಲಲ್ಲಿ ಮೊಯ್ದು ಕಾಕ. ಒಣಮೀನು ಮಾರುವವರು. ಮಲಬಾರಿನ ಕಡೆಯವರಾದ್ದರಿಂದ ಫುಟ್‌ಬಾಲ್ ಅವರಿಗೆ ಅಂಗೈ ನೆಲ್ಲಿಕಾಯಿ. ಅವರ ಹಿಂದೆ ಹತ್ತು ತಲೆ. ಆ ತಲೆಗಳ ಹಿಂದೆ ಇನ್ನೂ ಇಪ್ಪತ್ತು. ನಾನು ಅಪ್ಪಯ್ಯನ ಕಿವಿಗೆ ಹೇಳಿದ್ದನ್ನು ಅರ್ಧ ಸಂತೆಯೇ ಕೇಳುತ್ತಿತ್ತು!

“ನಮಗೇ ಕಾಕ” ಎಂದೆ. ಕಾಕ ಹಿಂದಕ್ಕೆ ತಿರುಗಿ ಅದನ್ನು ಮಲೆಯಾಳದಲ್ಲಿ ಕೂಗಿದರು. ಲೈನ್ಸಿನಿಂದ ಸಂತೆಗೆ ಬಂದಿದ್ದವನೊಬ್ಬ ತಮಿಳಿನಲ್ಲಿ ಕೂಗಿದ. ಬಳೆ ಅಂಗಡಿಯ ಕಡೆಯಿಂದ ಉರ್ದುವಿನಲ್ಲಿ ಕೂಗು ಬಂತು. ದೆಹಲಿಯಲ್ಲಿ ಒದ್ದ ಚೆಂಡು ಸೋಮವಾರಪೇಟೆಯ ಬೀದಿಯಲ್ಲಿ ಉರುಳುತ್ತಾ ಹೋಯಿತು.

ಕರಿ ಟೊಪ್ಪಿಯ ಹಿರಿಯರೊಬ್ಬರಿಗೆ ಇದು ಸರಿಬರಲಿಲ್ಲ. “ಹೆಣ್ಮಗಳು ಸಂತೇಲಿ ಹಿಂಗೆ ಕೂಗಾಡದಾ?” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನನ್ನ ಬಾಯಿ ಕಟ್ಟಿತು. ನಿಜವಾಗಿಯೂ ಕಟ್ಟಿತು. ಕಾಮೆಂಟೇಟರ್ ಮುಂದೆ ಓಡಿದ, ನಾನು ಹಿಂದೆ ಉಳಿದೆ.

ಉತ್ತರ ಕೊಟ್ಟದ್ದು ಗುರುಬಸಪ್ಪ.

“ಹಂಗಾರೆ ನೀವೇ ಇಂಗ್ಲಿಷ್ ತಿಳ್ಕಂಡು ಕೂಗಿ ಸ್ವಾಮಿ. ಟೀಚರಮ್ಮ ಸ್ವಲ್ಪ ಸುಧಾರಿಸ್ಕಳ್ಳಿ.”

ಜನ ಗೊಳ್ಳೆಂದಿತು. ಹಿರಿಯರೂ ನಕ್ಕರು. ನಕ್ಕು ಅಲ್ಲೇ ಒಂದು ಚೀಲದ ಮೇಲೆ ಕುಳಿತರು. ಮುಗಿಯುವವರೆಗೂ ಏಳಲಿಲ್ಲ.

ಅಪ್ಪಯ್ಯನಿಗೆ ಈ ಗಲಾಟೆ ಒಂದೂ ಕೇಳಿಸಿರಲಿಲ್ಲ. ಅವರು ನನ್ನ ತೋಳು ಜಗ್ಗಿದರು. ಬೆಳಗಿನಿಂದ ಹತ್ತು ಸಲ ಕೇಳಿದ್ದ ಪ್ರಶ್ನೆಯನ್ನೇ ಕೇಳಿದರು.

“ನಮ್ಮೋರು ಬೂಟು ಹಾಕಿದಾರಾ?”

ರೇಡಿಯೊದಲ್ಲಿ ಕಾಲು ಕಾಣುತ್ತದೆಯೇ? ಚೆಂಡು ಯಾರ ಕಾಲಿನಲ್ಲಿದೆ ಎಂದು ಹೇಳುವ ಆ ಪುಣ್ಯಾತ್ಮ, ಕಾಲಿನಲ್ಲಿ ಏನಿದೆ ಎಂದು ಹೇಳಬೇಡವೇ? “ಗೊತ್ತಿಲ್ಲ ಅಪ್ಪಯ್ಯ” ಎಂದೆ. ಅವರು ತಲೆಯಾಡಿಸಿದರು.

ಮೊದಲ ಗೋಲು ಹೇಗಾಯಿತು ಎಂದು ನನ್ನನ್ನು ಕೇಳಬೇಡಿ. ಕಾಮೆಂಟೇಟರ್ ಕಿರುಚಿದ, ನಾನು ಕಿರುಚಿದೆ. “ಗೋಲ್! ಗೋಲ್ ಅಪ್ಪಯ್ಯ! ನಮ್ದು!” ಮೊಯ್ದು ಕಾಕ “ಪಡಚ್ಚೋನೇ!” ಎಂದು ದೇವರನ್ನು ಕರೆದು ಎರಡೂ ಕೈ ಮೇಲಕ್ಕೆತ್ತಿದರು. ಹೊರಗೆ ಯಾರದೋ ಕೋಳಿ ಬುಟ್ಟಿ ಬಿದ್ದು ಕೋಳಿಗಳು ಕಾಲಡಿ ಓಡಿದವು. ಅಪ್ಪಯ್ಯ ಮಾತ್ರ ಕೂಗಲಿಲ್ಲ. ಕಣ್ಣು ಮುಚ್ಚಿ, ತುಟಿ ಬಿಗಿ ಹಿಡಿದು ಕುಳಿತಿದ್ದರು. ಆಮೇಲೆ ನಿಧಾನಕ್ಕೆ “ಇನ್ನೂ ಹೊತ್ತಿದೆ, ಇನ್ನೂ ಹೊತ್ತಿದೆ” ಎಂದರು. ಗೋಲಿನಲ್ಲಿ ನಿಲ್ಲುವವರ ಬುದ್ಧಿಯೇ ಹಾಗೆ.

ಆ ನಂತರ ಎಲ್ಲೋ ಒಂದು ಕಡೆ, ಸದ್ದಿನ ನಡುವೆ, ನನ್ನ ಕಿವಿಗೆ ಆ ಪದ ಬಿತ್ತು. ಎಷ್ಟು ಜನ, ಯಾರು ಯಾರು ಎಂಬುದು ಕರಕರದಲ್ಲಿ ಮುಳುಗಿಹೋಯಿತು. ಆದರೆ ಪದ ಸ್ಪಷ್ಟವಾಗಿತ್ತು.

“ಅಪ್ಪಯ್ಯ! ಬರಿಗಾಲು! ನಮ್ಮೋರಲ್ಲಿ ಕೆಲವರು ಬರಿಗಾಲಲ್ಲೇ ಆಡ್ತಿದಾರಂತೆ!”

ಅಪ್ಪಯ್ಯ ನನ್ನ ಮುಖ ನೋಡಿದರು. ಇನ್ನೊಮ್ಮೆ ಹೇಳು ಎಂಬಂತೆ ಕಿವಿ ಕೊಟ್ಟರು. ಇನ್ನೊಮ್ಮೆ ಹೇಳಿದೆ. ಅವರು ಬಗ್ಗಿ ನೋಡಿ, ಎರಡೂ ಚಪ್ಪಲಿಯಿಂದ ಕಾಲು ಹೊರಗೆ ತೆಗೆದು ಮಂಡಿಯ ಕಲ್ಲು ನೆಲದ ಮೇಲೆ ಊರಿದರು. ಸೊಟ್ಟ ಬೆರಳು ಎಲ್ಲರಿಗೂ ಕಾಣುತ್ತಿತ್ತು. ನಾನು ಆ ಬೆರಳನ್ನೇ ನೋಡುತ್ತಾ ಕುಳಿತೆ, ಎರಡು ಸಾಲು ಕಾಮೆಂಟರಿ ಬಿಟ್ಟುಹೋಯಿತು. ಸಂತೆ ನನ್ನನ್ನು ಕ್ಷಮಿಸಲಿ.

ಅಷ್ಟರಲ್ಲಿ ಆಕಾಶ ಕಪ್ಪಾಯಿತು. ನಿಮಗೆ ಗೊತ್ತಿದೆ, ಈ ದಿನಗಳಲ್ಲಿ ಕಾಫಿ ಬೆಳೆಯುವವರೆಲ್ಲ ಕತ್ತು ಎತ್ತಿಕೊಂಡೇ ಓಡಾಡುತ್ತಾರೆ. ಹೂಮಳೆ ಬಿದ್ದರೆ ತಾನೇ ಕಾಫಿ ಗಿಡ ಹೂ ಬಿಡುವುದು? ವಾರಗಟ್ಟಲೆ ಕಾದ ಮಳೆ, ಬರಲು ಆರಿಸಿಕೊಂಡ ಗಳಿಗೆ ನೋಡಿ! ಗುಡುಗಿದ ಕೂಡಲೇ ರೇಡಿಯೊ ಹುರಿಗಡಲೆ ಹುರಿಯತೊಡಗಿತು.

“ಮಳೆ ಬೇಕಪ್ಪ, ಬೇಡ ಅನ್ನಲ್ಲ. ಇನ್ನರ್ಧ ಗಂಟೆ ತಡೆದು ಬರಬಾರ್ದಾ?” ಎಂದು ಗುರುಬಸಪ್ಪ ಮಾಡಿನ ಕಡೆ ನೋಡಿ ಕೈ ಮುಗಿದರು. ಏಲಕ್ಕಿಯ ಜೊತೆ ಕಾಫಿಯನ್ನೂ ಮಾರುವ ಮನುಷ್ಯ, ಅವರ ಕಷ್ಟ ಯಾರಿಗೂ ಬೇಡ.

ಹುರಿಗಡಲೆಯ ನಡುವೆ ಒಂದೇ ಒಂದು ಸಲ ದೆಹಲಿಯ ಜನ ಹೋ ಎಂದದ್ದು ಕೇಳಿಸಿತು. ಆಮೇಲೆ ಏನಿಲ್ಲ.

“ಏನಾಯ್ತು ಟೀಚರಮ್ಮ?”

“ಗೊತ್ತಾಗ್ತಿಲ್ಲ.”

“ಗೋಲಾ? ಯಾರ್ದು?”

“ಕೇಳಿಸ್ತಿಲ್ಲ. ಸುಳ್ಳು ಹೇಗೆ ಹೇಳ್ಲಿ?”

“ನಮ್ದೇ ಅಂತ ಹೇಳ್ಬಿಡಿ, ಏನಾಯ್ತದೆ!” ಎಂದರು ಯಾರೋ. ಜನ ನಗಲಿಲ್ಲ. ಬೀದಿಯ ತುಂಬ ಜನ. ಹನಿ ಬೀಳುತ್ತಿತ್ತು. ಚೀಲ ಕಟ್ಟಿ ಓಡಬೇಕಾದವರು ತಲೆಯ ಮೇಲೆ ಗೋಣಿ ಹಾಕಿಕೊಂಡು ನನ್ನ ಬಾಯಿಯನ್ನೇ ನೋಡುತ್ತಾ ನಿಂತಿದ್ದರು. ಅಪ್ಪಯ್ಯನೂ ನೋಡುತ್ತಿದ್ದರು. ಅವರಿಗೆ ಕಾರಣ ಗೊತ್ತಿಲ್ಲ. ನಾನು ಸುಮ್ಮನಾದದ್ದು ಮಾತ್ರ ಗೊತ್ತು. ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಸೋಲಿನ ಸುದ್ದಿಯನ್ನು ಮಗಳು ನುಂಗಿಕೊಂಡಳು ಎಂದುಕೊಂಡರೇನೋ. ಒಂದು ಕ್ಷಣ ನನಗೂ ‘ನಮ್ದೇ’ ಎಂದುಬಿಡುವ ಆಸೆಯಾಯಿತು.

ಆಗ ಗುರುಬಸಪ್ಪ ಎದ್ದರು. ಗುಂಡಿ ತಿರುಗಿಸಿ ತಿರುಗಿಸಿ ಸೋತಿದ್ದರು. ರೇಡಿಯೊ ಪಕ್ಕದಿಂದ ಸರಿದು ನನಗೆ ಜಾಗ ಬಿಟ್ಟರು.

“ನೀವೇ ತಿರುಗ್ಸಿ ಟೀಚರಮ್ಮ. ನಿಮ್ ಕಿವಿ ಸೂಕ್ಷ್ಮ.”

ಅವರ ತಮ್ಮ ಬಾಯಿ ಬಿಟ್ಟುಕೊಂಡು ನೋಡಿದ.

ಕೂದಲೆಳೆಯಷ್ಟು ಈಚೆ, ಕೂದಲೆಳೆಯಷ್ಟು ಆಚೆ. ಮೊಯ್ದು ಕಾಕ ಹೊರಗೆ ಎಲ್ಲರಿಗೂ “ಮಿಂಡಾದಿರಿ!” ಎಂದು ಗದರಿಸಿದರು. ಆ ಮಲೆಯಾಳ ಕೊಡವರಿಗೂ ತಿಳಿಯಿತು, ಗೌಡರಿಗೂ ತಿಳಿಯಿತು, ಇಡೀ ಬೀದಿ ಸುಮ್ಮನಾಯಿತು. ಗುಡುಗು ಕೊಂಚ ದೂರ ಹೋಯಿತು. ತೆಳ್ಳನೆಯ ಒಂದು ದನಿ ಹತ್ತಿರ ಬಂತು. ಲೆಕ್ಕ ಹೇಳುತ್ತಿತ್ತು.

ಭಾರತ ಎರಡು. ಇಂಡೊನೇಷ್ಯಾ ಸೊನ್ನೆ.

ನಾನು ಅಪ್ಪಯ್ಯನ ಕಿವಿಗೆ ಕೂಗಲಿಲ್ಲ. ಕೂಗಲು ದನಿಯೇ ಇರಲಿಲ್ಲ. ಎರಡು ಬೆರಳು ಎತ್ತಿ, ನಮ್ಮದೇ ಎನ್ನುವಂತೆ ನನ್ನ ಎದೆಯ ಕಡೆ ತೋರಿಸಿದೆ. ಅವರು ನನ್ನ ಕೈ ಹಿಡಿದು ಆ ಎರಡು ಬೆರಳುಗಳನ್ನು ಕಣ್ಣಿಗೊತ್ತಿಕೊಂಡರು.

ಮೂರನೆಯ ಗೋಲು ಮಾತ್ರ ಸ್ಫಟಿಕದಂತೆ ಸ್ಪಷ್ಟವಾಗಿ ಕೇಳಿಸಿತು. ಅದನ್ನು ನಾನು ಹೇಳಬೇಕಾಗಿಯೇ ಬರಲಿಲ್ಲ. ಕಾಮೆಂಟೇಟರ್ ‘ಗೋಲ್’ ಎಂದ ಕೂಡಲೇ ಬೀದಿಗೆ ಬೀದಿಯೇ ಕೂಗಿತು. ಎಷ್ಟು ಜೋರಾಗಿ ಎಂದರೆ, ಅಪ್ಪಯ್ಯ ನನ್ನ ಕಡೆ ತಿರುಗಿ “ಕೇಳಿಸ್ತು ಕಣೆ!” ಎಂದರು. ಕ್ವಿನೈನ್ ತೆಗೆದುಕೊಂಡ ಕಿವಿಗೆ ಸಂತೆಯ ಕೂಗು ತಾನಾಗಿ ಕೇಳಿಸಿತು. ಬೇರೆ ಯಾವ ಸಾಕ್ಷಿ ಬೇಕು?

ಪಂದ್ಯ ಮುಗಿಯುವಾಗ ಮಳೆ ಸುರಿಯುತ್ತಿತ್ತು. ಒಬ್ಬರೂ ಮಾಡಿನಡಿಗೆ ಓಡಲಿಲ್ಲ. ಗೋಲಿಗೆ ಕುಣಿಯುತ್ತಿದ್ದರೋ, ಮಳೆಗೆ ಕುಣಿಯುತ್ತಿದ್ದರೋ ಹೇಳುವುದು ಕಷ್ಟ. ಗುರುಬಸಪ್ಪ ಕಾಫಿ ತರಿಸಿದರು. ರೈಟರಿಗೆ ಮೊದಲ ಲೋಟ.

ಮನೆಗೆ ನಡೆಯುವಾಗ ನನಗೊಂದು ಹೊಳೆಯಿತು. ನಮ್ಮ ಈ ಪುಟ್ಟ ಕೊಡಗು ರಾಜ್ಯದಲ್ಲಿ ಎಷ್ಟು ಭಾಷೆಗಳು! ಕೊಡವ ತಕ್ಕ್, ಅರೆಭಾಷೆ, ಮಲೆಯಾಳ, ತಮಿಳು, ತುಳು, ಉರ್ದು. ಮನೆಯಲ್ಲಿ ಒಂದು, ತೋಟದಲ್ಲಿ ಒಂದು, ಕಚೇರಿಯಲ್ಲಿ ಮತ್ತೊಂದು. ಅವೆಲ್ಲ ಸೇರಿದ ಬೀದಿಯೊಂದು ಅವತ್ತು ನಿಂತು ಕೇಳಿದ್ದು ಕನ್ನಡದಲ್ಲಿ. ನಾನೇನೂ ಭಾಷಣ ಮಾಡಿರಲಿಲ್ಲ. ಒಬ್ಬ ಅಪ್ಪನ ಕಿವಿಗೆ ಕೂಗಿದ ಮನೆಮಾತಿನ ಕನ್ನಡ ಅದು. ಅದೇ ಸಾಕಾಯಿತು. ನನಗೆ ಆಟಗಾರರ ಬಗ್ಗೆ ಹೆಮ್ಮೆಯಾಯಿತು, ಸರಿ. ನನ್ನ ಮಾತಿನ ಬಗ್ಗೆಯೂ ಆಯಿತು. ತಪ್ಪೇ?

ಮಂಗಳವಾರ ಬೆಳಿಗ್ಗೆ ನನ್ನ ಗಂಟಲಿನಿಂದ ಗಾಳಿಯಲ್ಲದೆ ಬೇರೇನೂ ಹೊರಡಲಿಲ್ಲ. ಶಾಲೆಯ ಗೇಟಿನಲ್ಲೇ ಹೆಡ್‌ಮಾಸ್ಟರು ನಿಂತಿದ್ದರು. ಆಫೀಸಿಗೆ ಕರೆದರು. ಬಾಗಿ ನನ್ನ ಕಡೆ ನೋಡಿ ಮೆಲ್ಲಗೆ ಕೇಳಿದರು.

“ಎಷ್ಟು?”

ಮೂರು ಬೆರಳು ತೋರಿಸಿದೆ. ಇನ್ನೊಂದು ಕೈಯಲ್ಲಿ ಸೊನ್ನೆ.

“ಹ್ಞಾ!” ಎಂದು ಮೇಜು ಗುದ್ದಿದರು. ಗುದ್ದಿದ ಮೇಲೆ ತಾವು ಹೆಡ್‌ಮಾಸ್ಟರೆಂದು ನೆನಪಾಗಿ ಗಂಭೀರರಾದರು. ಡ್ರಾಯರಿನಿಂದ ನನ್ನ ಚೀಟಿ ತೆಗೆದರು. ಸಹಿ ಬಿದ್ದಿರಲಿಲ್ಲ. ಮಡಿಕೇರಿಗೂ ಹೋಗಿರಲಿಲ್ಲ.

“ಕೂತ್ಕೊಳ್ಳಿ. ನಿಮಗೊಂದು ವಿಷಯ ಹೇಳ್ತೇನೆ. ಹೊರಗೆ ಹೇಳ್ಬೇಡಿ.”

(ಹೇಳುತ್ತಿದ್ದೇನೆ. ಆಮೇಲೆ ಅವರ ಒಪ್ಪಿಗೆ ಪಡೆದಿದ್ದೇನೆ, ಅರೆಮನಸ್ಸಿನದ್ದಾದರೂ ಒಪ್ಪಿಗೆಯೇ.)

ಲಂಡನ್ನಿನಲ್ಲಿ ನಮ್ಮ ಹಾಕಿ ಟೀಮ್ ಇಂಗ್ಲಿಷರನ್ನೇ ಸೋಲಿಸಿ ಚಿನ್ನ ಗೆದ್ದ ದಿನ ಇವರು ಸಂಪಾಜೆಯ ಶಾಲೆಯಲ್ಲಿದ್ದರಂತೆ. ರಜಾ ಚೀಟಿಯಲ್ಲಿ ‘ವಿಪರೀತ ಜ್ವರ’ ಎಂದು ಬರೆದು, ಮಳೆಯಲ್ಲಿ ಬಸ್ಸು ಹತ್ತಿ ಮಡಿಕೇರಿಗೆ ಹೋಗಿ ಗೆಳೆಯನ ಮನೆಯ ರೇಡಿಯೊ ಮುಂದೆ ಕುಳಿತರಂತೆ. ಮಾರನೆಯ ದಿನ ಶಾಲೆಗೆ ಬಂದಾಗ ಎಲ್ಲರೂ “ಜ್ವರ ಹೇಗಿದೆ ಸರ್?” ಎಂದು ವಿಚಾರಿಸುವವರೇ.

“ಇಡೀ ದಿನ ಮುಖ ಬಾಡಿಸ್ಕೊಂಡು ಕೂತಿದ್ದೆ ಟೀಚರ್. ಗೆದ್ದದ್ದನ್ನ ಒಬ್ಬರ ಹತ್ರಾನೂ ಹೇಳ್ಕೊಳ್ಳೋಕಾಗ್ಲಿಲ್ಲ. ಜ್ವರದವನಿಗೆ ಹಾಕಿ ಸುದ್ದಿ ಹೇಗೆ ಗೊತ್ತು ಅಂತ ಕೇಳಿದ್ರೆ? ನಿನ್ನೆ ನೀವು ಹೋದ್ಮೇಲೆ ಅದೇ ನೆನಪಾಗ್ತಿತ್ತು.”

ಪೆನ್ನು ತೆಗೆದು ಸಹಿ ಹಾಕಿದರು. ಕಾರಣದ ಸಾಲನ್ನು ತಿದ್ದಲಿಲ್ಲ.

“ಹೀಗೇ ಕಳಿಸ್ತೇನೆ. ಇನ್‌ಸ್ಪೆಕ್ಟರು ಕೇಳಿದ್ರೆ ಉತ್ತರ ನಾನು ಕೊಡ್ತೇನೆ.”

ಏನಾಗುತ್ತದೋ ಗೊತ್ತಿಲ್ಲ. (ಇನ್‌ಸ್ಪೆಕ್ಟರು ಈ ಪತ್ರಿಕೆ ಓದುತ್ತಾರೆಂದು ಕೇಳಿದ್ದೇನೆ. ನಮಸ್ಕಾರ ಸರ್.)

ಅದೇ ಸಂಜೆಯ ಬಸ್ಸಿನಲ್ಲಿ ಪೇಪರ್ ಬಂತು. ಅಪ್ಪಯ್ಯ ಜಗಲಿಯಲ್ಲಿ ಭೂತಗನ್ನಡಿ ಹಿಡಿದು ಪಂದ್ಯದ ಸುದ್ದಿಯನ್ನು ಮೂರು ಸಲ ಓದಿದರು. ಕುಣಿಯುತ್ತಾರೆ ಎಂದುಕೊಂಡಿದ್ದೆ. ಕುಣಿಯಲಿಲ್ಲ.

“ಈ ಇಂಡೊನೇಷ್ಯಾ ಎಲ್ಲೈತೆ?” ಎಂದರು.

ನನ್ನ ಶಾಲೆಯ ಅಟ್ಲಾಸ್ ತಂದೆ. ಹಳೆಯದು. ಕಡಲಿನಲ್ಲಿ ಚದುರಿದ ದ್ವೀಪಗಳನ್ನು ಬೆರಳಿಟ್ಟು ತೋರಿಸಿದೆ. ಅಪ್ಪಯ್ಯ ಭೂತಗನ್ನಡಿ ಇಟ್ಟು ಅಲ್ಲಿ ಅಚ್ಚಾಗಿದ್ದ ಹೆಸರನ್ನು ಕೂಡಿಸಿ ಓದಿದರು. ಡಚ್ ಈಸ್ಟ್ ಇಂಡೀಸ್.

“ಇದು ಬೇರೆ ಹೆಸರು.”

“ಅದು ಅವರನ್ನ ಆಳ್ತಿದ್ದೋರು ಇಟ್ಟ ಹೆಸರು ಅಪ್ಪಯ್ಯ. ಡಚ್ಚರು ಬಿಟ್ಟು ಹೋಗಿ ಇನ್ನೂ ಎರಡು ವರ್ಷ ಆಗಿಲ್ಲ.”

“ನಮಗಿಂತ್ಲೂ ಈಚೆಗೆ?”

“ಈಚೆಗೆ.”

ಅವರು ಭೂತಗನ್ನಡಿಯನ್ನು ಆ ದ್ವೀಪಗಳ ಮೇಲೆ ಒಂದೊಂದಾಗಿ ಸರಿಸಿದರು. ಆಮೇಲೆ ಜೇಬಿನಿಂದ ಪೆನ್ಸಿಲ್ ತೆಗೆದರು. ಅಚ್ಚಿನ ಹೆಸರಿನ ಮೇಲೆ ನೇರವಾದ ಒಂದು ಗೆರೆ ಎಳೆದರು. ಪಕ್ಕದಲ್ಲಿ, ಮಸ್ಟರಿನಲ್ಲಿ ಆಳಿನ ಹೆಸರು ಬರೆಯುತ್ತಿದ್ದ ಅದೇ ಮುತ್ತಿನಂಥ ಅಕ್ಷರದಲ್ಲಿ, ‘ಇಂಡೊನೇಷ್ಯಾ’ ಎಂದು ಬರೆದರು.

“ಅವರ್ದೂ ಮೊದಲ್ನೇ ಆಟ” ಎಂದರು. “ಅಲ್ಲೂ ಯಾರೋ ಕೋಟು ಹಾಕ್ಕಂಡು ರೇಡಿಯೊ ಮುಂದೆ ಕೂತಿದ್ದಿರ್ತಾರೆ ಮಗ.”

ನಮ್ಮವರು ಗೆದ್ದರು. ನನಗೆ ಹೆಮ್ಮೆ ಇದೆ, ಇನ್ನೂ ಗಂಟಲು ಸರಿಹೋಗಿಲ್ಲ. ಆದರೆ ಆ ಸಂಜೆಯಿಂದ ಒಂದು ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ: ಆ ದ್ವೀಪಗಳಲ್ಲಿ ಎಲ್ಲೋ ಒಬ್ಬಳು ಮಗಳು ಆ ಮೂರು ಗೋಲುಗಳನ್ನು ತನ್ನ ಅಪ್ಪನ ಕಿವಿಗೆ ಹೇಗೆ ಹೇಳಿದಳೋ?